ಹಿಲ್ಮಿಯ ಹೊಟ್ಟೆಯೊಳಗಿನ ಅನ್ನ

ಹಿಲ್ಮಿಯ ಹೊಟ್ಟೆ ಬಗೆಯೋದೊಂದು ಬಾಕಿ ಉಳಿದಿತ್ತು. ಅದೂ ಇವತ್ತೇ ಆಗಬೇಕು. ನಾಳೆ ಬೆಳಗಾದರೆ ಅವನು ಸೈನ್ಯದ ಕಡ್ಡಾಯ ಸೇವೆಗೆ ಹೊರಡುವವನು. ಅಲ್ಲಿ ಮೊದಲ ದಿನವೇ ತಲೆ ಬೋಳಿಸಿ, ವರ್ಷಗಟ್ಟಲೆ ಯಾವುದೋ ಗಡಿಯ ಮರಳಿನಲ್ಲಿ ಕೂರಿಸುತ್ತಾರೆ. ಗುಂಗುರು ಕೂದಲಿನ ಹೆಣ ಮುಂದಿನ ದೃಶ್ಯಕ್ಕೆ ಬೋಳಾಗಿಬಿಟ್ಟರೆ ಯಾವ ಪ್ರೇಕ್ಷಕ ತಾನೆ ಹೆದರುತ್ತಾನೆ, ನೀವೇ ಹೇಳಿ.

ಸಫಿನಾಜ್ ಎಂಟು ತಿಂಗಳಿಂದ ಕದ್ದುಮುಚ್ಚಿ ತೆಗೆಯುತ್ತಿದ್ದ ಹನ್ನೆರಡು ನಿಮಿಷದ ಚಿತ್ರ ಅದು. ಕೈರೋದ ಒಬ್ಬ ವಿಧವೆ, ತನ್ನನ್ನು ಕೇಳಿಕೊಂಡು ಬಂದ ಗಂಡುಗಳ ಹೊಟ್ಟೆ ಬಗೆದು, ಒಳಗೆಲ್ಲಾದರೂ ನಿಯತ್ತು ಇದೆಯಾ ಅಂತ ಹುಡುಕುವ ಕಥೆ. ಸೆನ್ಸಾರಿನವರು ಮೊದಲ ಪುಟಕ್ಕೇ ಮೂರ್ಛೆ ಹೋಗುತ್ತಾರೆಂದು ಅವಳು ಅನುಮತಿಯ ಗೋಜಿಗೇ ಹೋಗಿರಲಿಲ್ಲ; ಗೆಳೆಯನೊಬ್ಬನ ಗ್ಯಾರೇಜಿನ ನೆಲಮಾಳಿಗೆಯಲ್ಲಿ ತೋರಿಸುವುದೆಂದು ಮಾತಾಗಿತ್ತು. ವಿಧವೆಯೂ ಅವಳೇ, ಕ್ಯಾಮೆರಾದವಳೂ ಅವಳೇ. ಅವಳನ್ನು ಸಾಕಿದ ಅಜ್ಜಿ ಇತಿದಾಲ್‌ಗೆ ಮಾತ್ರ, ಮೊಮ್ಮಗಳು ಮದುವೆ ವಿಡಿಯೊ ತೆಗೆಯುತ್ತಾಳೆ ಅಂತಲೇ ಗೊತ್ತು.

ಅವತ್ತು ಅಜ್ಜಿ ತಂಗಿಯ ಮನೆಗೆ ಹೊರಟಿದ್ದೇ ತಡ, ಹಿಲ್ಮಿ ಬಂದು ರಬ್ಬರಿನ ಸುಳ್ಳು ಹೊಟ್ಟೆ ಕಟ್ಟಿಕೊಂಡು ಅಡುಗೆಮನೆಯ ಮೇಜಿನ ಮೇಲೆ ಮಲಗಿದ. ರಕ್ತಕ್ಕೇನೂ ಕೊರತೆಯಿರಲಿಲ್ಲ, ದಾಸವಾಳದ ಶರಬತ್ತನ್ನು ಗಟ್ಟಿಯಾಗಿ ಕಾಯಿಸಿ ಎರಡು ಬಕೆಟ್ ಇಟ್ಟಿತ್ತು. ಕಿತ್ತ ಕಣ್ಣುಗುಡ್ಡೆಗೆ ಉಪ್ಪಿನಕಾಯಿಯ ಸಣ್ಣ ಈರುಳ್ಳಿ. ಕರುಳಿಗೆ, ಬಕ್ರೀದಿಗೆ ಮನೆಯಲ್ಲಿ ಕೊಯ್ದ ಕುರಿಯದನ್ನೇ ಚೀಲ ಕಟ್ಟಿ ಫ್ರಿಜ್ಜಿನ ತಳದಲ್ಲಿ ಬಚ್ಚಿಟ್ಟಿದ್ದಳು. ಈಗ ನೋಡಿದರೆ ಚೀಲ ಇಲ್ಲ. ಒಲೆಯ ಮೇಲೆ ದೊಡ್ಡ ಪಾತ್ರೆ ಇದೆ. ಮುಚ್ಚಳ ತೆಗೆದವಳು ಹಣೆ ಹಣೆ ಚಚ್ಚಿಕೊಂಡಳು.

"ಹಿಲ್ಮಿ, ನಿನ್ನ ಕರುಳಿಗೆ ಅಜ್ಜಿ ಅಕ್ಕಿ ತುಂಬಿ ಬೇಯಿಸಿಬಿಟ್ಟಿದಾಳೆ ಕಣೋ. ಮುಂಬಾರ್ ಮಾಡಿದಾಳೆ."

"ಸಬ್ಬಸಿಗೆ ಹಾಕಿದಾಳಾ?" ಹೆಣ ತಲೆ ಎತ್ತಿ ಕೇಳಿತು.

"ನಿಂಗೆ ಸಬ್ಬಸಿಗೆ ಚಿಂತೆ. ನನ್ನ ಎಂಟು ತಿಂಗಳು ಮಣ್ಣುಪಾಲಾಯ್ತು."

"ಕಸಾಯಿ ಹತ್ರ ಬೇರೆ ತಂದ್ರಾಯ್ತಪ್ಪ."

"ಹಬ್ಬ ಆಗಿ ಐದನೇ ದಿನ ಯಾವ ಕಸಾಯಿ ಅಂಗಡಿ ತೆಗೀತಾನೋ ಪುಣ್ಯಾತ್ಮ? ಎಲ್ರೂ ಕೊಯ್ದು ಕೊಯ್ದು ಸುಸ್ತಾಗಿ ಊರಿಗೆ ಹೋಗಿ ಬಿದ್ಕೊಂಡಿದಾರೆ."

ಬೇರೆ ದಾರಿಯಿರಲಿಲ್ಲ. ಬೆಂದಿದ್ದರೂ ಇನ್ನೂ ಎಣ್ಣೆಯಲ್ಲಿ ಹುರಿದಿರಲಿಲ್ಲವಾದ್ದರಿಂದ ಬೆಳ್ಳಗೆ, ನೋಡೋದಕ್ಕೆ ಕರುಳಿನ ಹಾಗೇ ಇತ್ತು. ಅದನ್ನೇ ರಬ್ಬರ್ ಹೊಟ್ಟೆಗೆ ತುರುಕಿ, ಮೇಲೆ ಶರಬತ್ತು ಸುರಿದು, ಅಜ್ಜಿಯ ಕಪ್ಪು ನಿಲುವಂಗಿ ತೊಟ್ಟು ಸಫಿನಾಜ್ ಬಗೆದಳು. ಎಳೆದ ಕೂಡಲೇ ಕರುಳು ಹರಿದು ಅನ್ನ ಚೆಲ್ಲಿತು. ಹೆಣ ಹೊಟ್ಟೆ ಕುಣಿಸಿಕೊಂಡು ನಕ್ಕಿತು. ಮತ್ತೆ ಎಳೆದಳು, ಮತ್ತೆ ಅನ್ನ. ಅಷ್ಟರಲ್ಲಿ ಬಾಗಿಲು ತೆರೆಯಿತು. ತಂಗಿಗೆಂದು ಬೇಯಿಸಿದ್ದ ಪಾತ್ರೆಯನ್ನೇ ಮರೆತು ಹೋಗಿದ್ದ ಅಜ್ಜಿ ವಾಪಸು ಬಂದಿದ್ದಳು.

ಗೋಡೆ ತುಂಬ ರಕ್ತ. ಮೇಜಿನ ಮೇಲೆ ಪಕ್ಕದ ಬೀದಿಯ ಹುಡುಗ ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದಾನೆ. ಮೊಮ್ಮಗಳ ಎರಡೂ ಕೈ ಅವನೊಳಗಿವೆ. ಅಜ್ಜಿ ಹತ್ತಿರ ಬಂದು, ಬಗ್ಗಿ, ಮೂಸಿ ನೋಡಿದಳು.

"ಇದು ನನ್ನ ಮುಂಬಾರ್ ಅಲ್ವೇನೇ?"

"ಅಜ್ಜಿ, ನಾನು ಮದುವೆ ವಿಡಿಯೊ ತೆಗೀತಿಲ್ಲ. ಇಂಥದ್ದು ತೆಗೀತೀನಿ. ಇವತ್ತು ಮುಗೀದಿದ್ರೆ ಇನ್ನು ಮುಗಿಯಲ್ಲ. ಇವನು ನಾಳೆ ಸೈನ್ಯಕ್ಕೆ ಹೋಗ್ತಾನೆ."

"ಮದುವೆಯಲ್ಲ ಅಂತ ಕಾಣ್ತಾ ಇದೆ ಬಿಡು. ಮದುವೇಲಿ ಗಲೀಜು ಆಮೇಲೆ ಶುರುವಾಗೋದು." ಅಜ್ಜಿ ತೋಳು ಮಡಚಿದಳು. "ದನ ಎಳೆದ ಹಾಗೆ ಎಳೆದ್ರೆ ಹರೀದೆ ಇರುತ್ತಾ? ಸರಿ ಆಚೆ. ಎಷ್ಟು ಉದ್ದ ಬೇಕು ನಿಂಗೆ?"

ಸಫಿನಾಜ್ ಎದ್ದೆನೋ ಬಿದ್ದೆನೋ ಅಂತ ಕ್ಯಾಮೆರಾ ಹಿಂದೆ ಓಡಿದಳು. ಅಜ್ಜಿ ಎರಡು ಬೆರಳಲ್ಲಿ ಹಿಡಿದು, ಮಟ್ಟಸವಾಗಿ, ಒಂದಗುಳು ಚೆಲ್ಲದ ಹಾಗೆ ಮಾರುಗಟ್ಟಲೆ ಕರುಳನ್ನು ಹೊರಗೆಳೆದು ತೋಳಿಗೆ ಸುತ್ತಿಕೊಂಡಳು. ಮುಖದಲ್ಲಿ ನಟನೆಯ ಸುಳಿವಿಲ್ಲ. ಸರಿಯಾಗಿ ಬೆಂದಿದೆಯಾ ಅಂತ ನೋಡುವ ಗಂಭೀರ ಮುಖ. ತನ್ನ ಬದಲಿಗೆ ನಿಂತ ಆ ವಿಧವೆಯನ್ನು ಕಂಡು ಸಫಿನಾಜ್‌ಳಿಗೇ ಮೈ ಜುಮ್ಮೆಂದಿತು. ಇಲ್ಲಿಗೆ ದೃಶ್ಯ ಮುಗಿಯಬೇಕು.

ಅಜ್ಜಿ ನಿಲ್ಲಿಸಲಿಲ್ಲ. ಒಂದು ತುಂಡು ಮುರಿದು ಹೆಣದ ತುಟಿಗೆ ಹಿಡಿದಳು.

"ಬಾಯಿ ತೆಗಿ ಮಗಾ. ಅಲ್ಲಿ ನಿಂಗೆ ಇದನ್ನ ಯಾರು ಮಾಡಿ ಹಾಕ್ತಾರೆ?"

ಹಿಲ್ಮಿ ಶಿಸ್ತಿನ ಹೆಣ. ಸ್ವಲ್ಪ ಹೊತ್ತು ತುಟಿ ಬಿಗಿಹಿಡಿದೇ ಇದ್ದ. ಆಮೇಲೆ ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆದು, ತನ್ನದೇ ಕರುಳನ್ನು ನಿಧಾನಕ್ಕೆ ಅಗಿಯತೊಡಗಿದ. ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು. ಅಜ್ಜಿ ಅದನ್ನು ರಕ್ತದ ಕೈಯಲ್ಲೇ ಒರೆಸಿ ಇನ್ನೊಂದು ತುಂಡು ಮುರಿದಳು.

ಸಫಿನಾಜ್ ಕ್ಯಾಮೆರಾ ಓಡಿಸುತ್ತಲೇ ಇದ್ದಳು. ಜನರನ್ನು ಹೆದರಿಸೋದು ಹೇಗೆ ಅಂತ ಎಂಟು ತಿಂಗಳು ತಲೆ ಕೆಡಿಸಿಕೊಂಡಿದ್ದವಳು, ಈ ಹುಡುಗ ನಿಜವಾಗಿಯೂ ಹೋಗಿಬಿಡುತ್ತಾನೆ ಅಂತ ಈಗ ತಾನೇ ಹೆದರಿ ನಿಂತಿದ್ದಳು.