ಕಪ್ಪಿ ನಿಂತ ದಿಕ್ಕು

ನಮ್ಮ ಮಾವ ಹಿಡಿದ ಮೊಲಕ್ಕೆ ಮೂರೇ ಕಾಲು. ಗಂಡನ ತಂದೆ ಅಂತ ಸುಮ್ಮನಿರುತ್ತೇನೆ. ಇಲ್ಲದಿದ್ದರೆ ಜೀಪಿನ ಹಿಂದೆ ಟ್ರೇಲರ್ ಕಟ್ಟಿಕೊಂಡು ಅವರ ಕುದುರೆಯನ್ನು ಸಾಗಿಸುವವಳು ನಾನು, ನನಗೂ ಬಾಯಿದೆ.

"ಹೋಗೋ ಕಡೆಗೇ ಮುಖ ಇರಬೇಕು. ಕುದುರೆ ಆದ್ರೇನು, ಮನುಷ್ಯ ಆದ್ರೇನು?" ಎನ್ನುತ್ತ ಅವರು ತಮ್ಮ ಕುದುರೆ ಕಪ್ಪಿಯನ್ನು ಟ್ರೇಲರಿನೊಳಗೆ ಮುಂದಿನ ಕಬ್ಬಿಣದ ಬಳೆಗೆ ಕಟ್ಟುತ್ತಿದ್ದರು. ಅವಳೋ ದಾರಿಯುದ್ದಕ್ಕೂ ಒದ್ದು, ಬೆವರಿ, ನಡುಗುತ್ತ ಇಳಿಯುತ್ತಿದ್ದಳು.

ಮಾವನಿಗೆ ಮಂಡಿನೋವು, ಕುದುರೆ ಸಾಕುವುದು ಇನ್ನು ಆಗದ ಮಾತು. ಅವತ್ತು ಮಕ್ಕಳಿಗೆ ಸವಾರಿ ಕಲಿಸುವ ಟೀಚರಿಗೆ ಕಪ್ಪಿಯನ್ನು ತೋರಿಸಬೇಕಿತ್ತು. "ನಡುಗೋ ಕುದುರೆ ಮೇಲೆ ಮಕ್ಕಳನ್ನ ಕೂರಿಸಲ್ಲ" ಅಂತ ಅವರು ಮೊದಲೇ ಹೇಳಿದ್ದರು. ಅವರು ಬೇಡವೆಂದರೆ ದಲ್ಲಾಳಿ ಕಾದು ಕೂತಿದ್ದ. ಅವನ ಕೈಗೆ ಸಿಕ್ಕಿದ ಕುದುರೆ ಎಲ್ಲಿ ಸೇರುತ್ತದೋ ದೇವರೇ ಬಲ್ಲ.

ಅರ್ಧ ದಾರಿಯಲ್ಲಿ ಒದೆಯುವ ಸದ್ದು ನಿಂತೇಹೋಯಿತು. ಜೀಪು ನಿಲ್ಲಿಸಿ ನಾನೂ ಮಾವನೂ ಹಿಂದಕ್ಕೆ ಓಡಿದೆವು. ಹಿಂಬಾಗಿಲ ಮೇಲಿನ ಅರ್ಧ ತೆಗೆದರೆ ಎದುರಿಗೇ ಕಪ್ಪಿಯ ಮುಖ! ಎಳೆದರೆ ಬಿಚ್ಚುವ ಗಂಟಿನ ತುದಿಯನ್ನು ಮಾವ ಅವಸರದಲ್ಲಿ ಅವಳ ಬಾಯಿಗೆಟಕುವಂತೆ ಬಿಟ್ಟಿದ್ದರು. ಅದನ್ನು ಕಚ್ಚಿ ಬಿಚ್ಚಿಕೊಂಡು, ಪೂರ್ತಿ ಹಿಂದಕ್ಕೆ ತಿರುಗಿ, ಕಾಲಗಲಿಸಿ ನಿಂತಿದ್ದಳು.

"ತಿರುಗೇ!" ಮಾವ ಹಗ್ಗ ಎಳೆದರು. ಜಪ್ಪಯ್ಯ ಅಂದರೂ ಕದಲಲಿಲ್ಲ.

"ಮಾವ, ಟೈಮಿಲ್ಲ. ಹಾಗೇ ಬರಲಿ ಬಿಡಿ."

"ಬ್ರೇಕ್ ಹಾಕಿದ್ರೆ ಬಿದ್ದು ಕಾಲು ಮುರ್ಕೋತಾಳೆ ಕಣಮ್ಮಾ!"

"ನಿಧಾನಕ್ಕೆ ಓಡಿಸ್ತೀನಿ. ನೀವು ನೋಡ್ತಾ ಇರಿ."

ಹಗ್ಗ ಅವಳ ಕಾಲಿಗೆ ಸಿಗದಂತೆ ಬಿಚ್ಚಿ ತೆಗೆದು ಹೊರಟೆವು. ಮಾವ ಕತ್ತು ತಿರುಗಿಸಿ ಟ್ರೇಲರಿನ ಕಿಟಕಿಯನ್ನೇ ನೋಡುತ್ತ ಕೂತರು. ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿ, "ಬಿದ್ಲಾ?" ಅಂದೆ.

"ಇಲ್ಲಮ್ಮಾ. ಹಿಂಭಾಗಕ್ಕೆ ಭಾರ ಕೊಟ್ಟು ಆರಾಮಾಗಿ ನಿಂತಿದಾಳೆ. ತಲೆ ಕೂಡ ಅಲ್ಲಾಡಲಿಲ್ಲ."

ಸವಾರಿ ಶಾಲೆಯಲ್ಲಿ ಕಪ್ಪಿ ಮದುವೆಮನೆಗೆ ಬಂದ ಬೀಗಿತ್ತಿಯ ಹಾಗೆ ಗತ್ತಿನಿಂದ ಇಳಿದಳು. ಟೀಚರ್ ಅವಳ ಕತ್ತು ಸವರಿದರು. "ಬೆವರೇ ಇಲ್ವಲ್ಲ! ಇವಳನ್ನಾ ನೀವು ಅಂಜುಬುರುಕಿ ಅಂದಿದ್ದು? ಇಲ್ಲೇ ಇರಲಿ." ನನಗೆ ಕುಣಿದಾಡುವಷ್ಟು ಖುಷಿಯಾಯಿತು.

'ನನ್ನ ಕುದುರೆ ಅಂದ್ರೆ ಸುಮ್ನೇನಾ' ಅಂತ ಮಾವ ಜಂಬ ಕೊಚ್ಚುತ್ತಾರೆಂದು ತಿರುಗಿ ನೋಡಿದೆ. ಅವರು ಕಪ್ಪಿಯ ಹಣೆಗೆ ಹಣೆ ಹಚ್ಚಿ ನಿಂತಿದ್ದರು.

"ಏಳು ವರ್ಷ ಒದ್ದು ಒದ್ದು ಹೇಳಿದೆಯಲ್ಲೇ, ನನಗೇ ಕೇಳಿಸಲಿಲ್ಲ. ತಪ್ಪಾಯ್ತು ಕಣೇ."

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಮಾವ ತಪ್ಪೊಪ್ಪಿಕೊಂಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದೂ ಕುದುರೆಯ ಹತ್ತಿರ!