ಅಂಟು ಒಣಗಿದ ಚೌಕ

ಕಿಟಕಿಯಾಚೆ ಎದುರು ಮನೆಯೂ ಕಾಣದಷ್ಟು ಮಂಜು, ಈ ತೇವಕ್ಕೇ ಇರಬೇಕು ಗಣಿತದ ನೋಟುಪುಸ್ತಕದ ರಟ್ಟು ಬಿಟ್ಟುಕೊಂಡದ್ದು, ಗುಬ್ಬಿ ಹೆಬ್ಬೆರಳಿನಿಂದ ಒತ್ತುತ್ತಾಳೆ, ಒತ್ತಿದಷ್ಟೂ ಏಳುತ್ತದೆ, ಒಳಗೆ ಅಂಟಿಸಿದ ಹಳೆಯ ಹಾಳೆಯಲ್ಲಿ ಅಕ್ಕನ ಅಕ್ಷರ — ಬೈಂಡಿಂಗ್ ಅಂಗಡಿಯಲ್ಲಿ ದುಡಿಯುವ ಅಕ್ಕ ಚೂರು ಕಾಗದವನ್ನೂ ಎಸೆಯುವವಳಲ್ಲ, ಬೇಡದ್ದೆಲ್ಲ ಯಾವುದಾದರೂ ರಟ್ಟಿನ ಬೆನ್ನಿಗೆ ಸೇರಬೇಕು, ಆದರೆ ಇದು, ದೇವರೇ, ಇದು ಕಾಲೇಜಿನ ಅರ್ಜಿ, ನಾಲ್ಕು ವರ್ಷದ ಹಿಂದಿನದು, ಗಣಿತಕ್ಕೆ ತೊಂಬತ್ತಾರು, ಎಲ್ಲ ಗೆರೆಯೂ ತುಂಬಿದೆ, ಮೂಲೆಯ ಫೋಟೋದ ಚೌಕ ಮಾತ್ರ ಖಾಲಿ, ಖಾಲಿಯೂ ಅಲ್ಲ, ಅಂಟು ಬಳಿದದ್ದು ಒಣಗಿ ಬಿರುಕುಬಿಟ್ಟಿದೆ. ರಜೆಯಲ್ಲಿ ಅಂಗಡಿಗೆ ಹೋಗಿ ಅಕ್ಕನ ಕೈಗೆ ಹತ್ತಿದ ಚಾಳಿ, ಮೊದಲು ಅಂಟು, ಆಮೇಲೆ ಹುಡುಕಾಟ, ಫೋಟೋ ಎಲ್ಲಮ್ಮಾ, ಇಲ್ಲೇ ಇಟ್ಟಿದ್ದೆ, ಅಮ್ಮ ಹಾಸಿಗೆ ಕೊಡವಿದಳು, ಫೋಟೋ ಅಂಗಡಿಗೆ ಅವತ್ತೇ ಬೀಗ, ಅರ್ಜಿಗೆ ಅವತ್ತೇ ಕಡೇ ದಿನ, ಗುಬ್ಬಿಯೂ ಮಂಚದ ಕೆಳಗೆ ನುಸುಳಿ ಹುಡುಕಿದಳಲ್ಲ, ಇಲ್ಲಕ್ಕಾ ಇಲ್ಲೂ ಇಲ್ಲ, ಜಾಮಿಟ್ರಿ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು. ಹದಿಮೂರರ ಬುದ್ಧಿ, ಅಕ್ಕ ಹಾಸ್ಟೆಲಿಗೆ ಹೋದರೆ ಜಡೆ ಹಾಕುವವರು ಯಾರು, ರಾತ್ರಿ ಯಾರ ಬೆನ್ನಿಗೆ ಆತು ಮಲಗುವುದು, ಅಷ್ಟೇ. ಮುಂದಿನ ವರ್ಷ ನೋಡಿದರಾಯ್ತು ಬಿಡೇ ಅಂದಳು ಅಕ್ಕ, ಮುಂದಿನ ವರ್ಷ ಅಂಗಡಿ ಬಿಡಲಾಗಲಿಲ್ಲ, ಓದು ನನ್ನ ಹಣೇಲಿ ಬರೆದಿಲ್ಲ, ನೀನು ಓದು, ನಾನು ಹೊಲಿದುಕೊಡ್ತೀನಿ — ಹೊಲಿದಳು, ಹೈಸ್ಕೂಲಿನ ಒಂದೊಂದು ವರ್ಷದ ಪ್ರಶ್ನೆಪತ್ರಿಕೆಯನ್ನೂ, ಅಂಟು ಕಾಯಿಸುತ್ತಲೇ ಸೂತ್ರ ಒಪ್ಪಿಸಿಕೊಂಡಳು, ತಪ್ಪಿದರೆ ಸೌಟಿನಿಂದ ತಲೆಗೆ ಮೆಲ್ಲಗೆ ಒಂದು.

ಗುಬ್ಬೀ, ಅರ್ಜಿ ತಾರೇ, ಅಂಟು ಆರಿಹೋಗ್ತದೆ. ಇವತ್ತು ಗುಬ್ಬಿಯ ಅರ್ಜಿಗೆ ಕಡೇ ದಿನ. ಅಡುಗೆಮನೆಯಲ್ಲಿ ಅಕ್ಕ ಗುಬ್ಬಿಯ ಹೊಸ ಫೋಟೋವನ್ನು ಬೆಳಕಿಗೆ ಹಿಡಿದು ನಗುತ್ತಿದ್ದಾಳೆ, ಮುಖ ನೋಡು, ಹಾಲು ಕದ್ದ ಬೆಕ್ಕಿನ ಹಾಗಿದೆ, ಇದನ್ನು ನೋಡಿದರೆ ಕಾಲೇಜಿನೋರು ಹಾಲಿನ ಪಾತ್ರೆ ಬಚ್ಚಿಡ್ತಾರೆ, ಕದ್ದದ್ದು ಹಾಲಲ್ಲ ಅಕ್ಕಾ, ಎನ್ನಬೇಕು, ಕಳ್ಳನ ಮನಸ್ಸು ಹುಳ್ಳಗೆ, ಸುಮ್ಮನಿದ್ದರೂ ಆದೀತು, ರಟ್ಟನ್ನು ಮತ್ತೆ ಅಂಟಿಸಿಬಿಟ್ಟರೆ ಯಾರಿಗೂ ತಿಳಿಯದು, ಮೇಲಿರುವವನೊಬ್ಬನಿಗೆ ಬಿಟ್ಟು, ಆದರೆ ಈ ಕಳವಿನ ಮೇಲೆ ತನ್ನ ಮುಖ ಅಂಟಿಸಿಕೊಂಡು ಕಾಲೇಜಿನ ಮೆಟ್ಟಿಲು ಹತ್ತುವುದು ಹೇಗೆ, ಕೈ ಆಗಲೇ ಪೆಟ್ಟಿಗೆ ತೆರೆದಿದೆ, ಕೋನಮಾಪಕ, ಮೊಂಡು ಪೆನ್ಸಿಲು, ತಳದ ಹಾಳೆಯ ಕೆಳಗೆ ಎರಡು ಜಡೆಯ ಹುಡುಗಿ, ಅವತ್ತು ಸಿಗದ ಫೋಟೋ, ಅರ್ಜಿಯನ್ನೂ ಪೆಟ್ಟಿಗೆಯನ್ನೂ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಅಕ್ಕನ ಅಂಗೈಯಲ್ಲಿ ಇಟ್ಟಳು, ಪಕ್ಕದಲ್ಲಿ ಬಿಟ್ಟುಕೊಂಡ ರಟ್ಟನ್ನೂ.

ಬ್ರಷ್ಷು ಗಾಳಿಯಲ್ಲೇ ನಿಂತಿತು, ಒಂದು ಹನಿ ಅಂಟು ನೆಲಕ್ಕೆ ಬಿತ್ತು. ಅಕ್ಕ ಫೋಟೋ ನೋಡಿದಳು, ರಟ್ಟು ನೋಡಿದಳು, ನಿನ್ನ ಪೆಟ್ಟಿಗೇಲಾ, ಅಂದಳು, ಇಷ್ಟು ದಿನವೂ, ಅಂದಳು, ಆಮೇಲೆ ಎಡಗೈಯಿಂದ ಗುಬ್ಬಿಯ ಬಿಚ್ಚಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು, ಅಳಬೇಡ, ನಿನ್ನ ಅರ್ಜಿ ಒದ್ದೆಯಾಗ್ತದೆ — ಹಳೆಯ ಫೋಟೋವನ್ನು ಆ ಚೌಕದ ಮೇಲೆ ಇಟ್ಟಳು, ಅಳತೆ ತೆಗೆದು ಕತ್ತರಿಸಿದಂತೆ ಕೂತಿತು, ಕೂತಿತು, ಹಿಡಿಯಲಿಲ್ಲ, ಬೆರಳು ತೆಗೆದೊಡನೆ ಜಾರಿತು, ಮತ್ತೆ ಇಟ್ಟಳು, ಮತ್ತೆ ಜಾರಿತು, ಅದರಡಿಯಲ್ಲಿ ಒಣಗಿ ಬಿರುಕುಬಿಟ್ಟ ಆ ಚೌಕ, ಆ ಚೌಕ