ಫ್ಯೂಸಿಗೆ ಸುತ್ತಿದ ಹಾಳೆ

ರಂಜಿನಿ ಬ್ಲೇಡು ಹಿಡಿದು ಸುಟ್ಟ ಬೋರ್ಡನ್ನು ಕೆರೆಯುತ್ತಲೇ ಇದ್ದಳು. ಕರಿ ಮುಗಿಯುತ್ತಿರಲಿಲ್ಲ. ಬೆಳಗಿನಿಂದ ಬಗ್ಗಿ ಕೂತು ಬೆನ್ನು ಮರಗಟ್ಟಿತ್ತು.

"ಒಂದು ಚೂರು ಕರಿ ಉಳಿದ್ರೂ ಅದ್ರ ಮೇಲೇ ಕರೆಂಟು ಹರೀತದೆ, ತಿರ್ಗಾ ಸುಡ್ತದೆ," ಎಂದರು ಅಪ್ಪ ಮಂಜಪ್ಪ. ಅವರ ಕಣ್ಣಿಗೆ ಪೊರೆ ಬಂದ ಮೇಲೆ ಜನ್ನಾಪುರದ ಆ ರಿಪೇರಿ ಅಂಗಡಿಯಲ್ಲಿ ಬಾಯಿ ಅಪ್ಪನದು, ಕೈ ಬಿಎಸ್ಸಿ ಮುಗಿಸಿದ ಮಗಳದು.

ಅದು ಗಾಜಿನ ವಾಲ್ವುಗಳ ಹಳೇ ಆಂಪ್ಲಿಫೈಯರಿನ ಬೋರ್ಡು; ಸೆಟ್ಟು ಸವಳಂಗ ರಸ್ತೆಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಷಡಕ್ಷರಪ್ಪನವರದು. ಹೋದ ವಾರ ಮದುವೆಯೊಂದರಲ್ಲಿ ತಾಳಿ ಕಟ್ಟುವ ಹೊತ್ತಿಗೇ ಹೊಗೆಯಾಡಿತ್ತು. "ಸುಟ್ಟುಹೋದ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿದಾನೆ ಬೇಕೂಫ! ಇಪ್ಪತ್ತು ವರ್ಷದ ಆಪರೇಟರ್ ಅಂತೆ. ಮನೇಗೆ ಹೋಗು ಅಂದೆ," ಎಂದು ನಿನ್ನೆ ಸೆಟ್ಟು ಇಳಿಸುತ್ತ ಹೇಳಿದ್ದರು. ಆಪರೇಟರ್ ಕರಿಯಣ್ಣ ತಾನಲ್ಲವೆಂದು ಆಣೆ ಇಟ್ಟನಂತೆ. ಸಿಗರೇಟು ಸೇದುವವನ ಆಣೆ ಯಾರು ಕೇಳುತ್ತಾರೆ?

ಆ ಹಾಳೆ ಈಗ ಮೇಜಿನ ಮೇಲಿತ್ತು. ಮಸಿ ಒರೆಸಿದರೆ ಬೆಳ್ಳಿಯಲ್ಲ, ಚಿನ್ನದ ಬಣ್ಣ. ಚಾಕೊಲೇಟಿನ ಹಾಳೆ. ದೀಪಾವಳಿಗೆ ಮುಂಚೆ ಇದೇ ಸೆಟ್ಟು ಬಂದಿದ್ದಾಗ, ಸರಿಯಾದ ಫ್ಯೂಸ್ ಸಿಗದೆ, ಸುಮ್ಮನೆ ಹಚ್ಚಿ ನೋಡಲೆಂದು ಅವಳೇ ಸುತ್ತಿದ್ದಳು. ಬಸ್ಸು ಹೊರಟಿತೆಂದು ಷಡಕ್ಷರಪ್ಪ ಸೆಟ್ಟು ಹೊತ್ತು ಓಡಿದ್ದರು. ದಣಿವಿನಲ್ಲಿ ಅವಳು ಹಾಳೆ ತೆಗೆಯುವುದನ್ನೇ ಮರೆತಿದ್ದಳು.

ಕಸದ ಡಬ್ಬಿ ಕಾಲ ಬಳಿಯೇ ಇತ್ತು. ಅಪ್ಪನಿಗೆ ಕಾಣುವುದಿಲ್ಲ.

ಸಂಜೆ ಹೊತ್ತಿಗೆ ಕರಿಯೆಲ್ಲ ಹೋಗಿ ಬೋರ್ಡಿನಲ್ಲಿ ಒಂದು ತೂತು ಉಳಿಯಿತು. ಅದರ ಸುತ್ತ ದಪ್ಪ ತಂತಿ ಬೆಸೆದು, ಹೊಸ ಫ್ಯೂಸ್ ಹಾಕಿದಳು. ವಾಲ್ವುಗಳು ನಿಧಾನವಾಗಿ ಕೆಂಪಗಾದವು.

"ಭೇಷ್ ಮಾರಾಯ್ತಿ!" ಎಂದರು ಸೆಟ್ಟು ಒಯ್ಯಲು ಬಂದ ಷಡಕ್ಷರಪ್ಪ.

"ಹಾಳೆ ಸುತ್ತಿದ್ದು ನಾನು," ಎಂದಳು ನೆಲ ನೋಡುತ್ತ.

"ಏನಂದೆ?"

ಎರಡನೇ ಸಲ ಹೇಳುವುದು ಇನ್ನೂ ಕಷ್ಟವಾಯಿತು. ಅಪ್ಪ ಮೇಜಿನ ಮೇಲೆ ಕೈಯಾಡಿಸಿ ಆ ಹಾಳೆಯನ್ನು ಹುಡುಕಿ ಮುಟ್ಟಿ ನೋಡಿದರು.

ಷಡಕ್ಷರಪ್ಪ ಕುಸಿದು ಕೂತರು. "ಕರಿಯಣ್ಣ ಈಗ ಆಲ್ಕೊಳದಲ್ಲಿ ಲಾರಿ ತೊಳೀತಿದಾನೆ. ಮದ್ವೆಮನೆ ತುಂಬ ಇದ್ದ ಜನರ ಎದ್ರು ಬೈದಿದೀನಿ, ನಾನ್ ಕರೆದ್ರೆ ಬರಲ್ಲ. ನೀನೇ ಬಂದು ಹೇಳು."

"ಈಗ್ಲಾ?"

"ಇನ್ಯಾವಾಗ? ರಾತ್ರಿ ಅವಳನ್ನ ನಾನೇ ತಂದು ಬಿಡ್ತೀನಿ ಮಂಜಪ್ಪಾರೇ."

ಅಪ್ಪ ಹಾಳೆಯನ್ನು ಮಗಳ ಅಂಗೈಗಿಟ್ಟರು. "ಹೋಗ್ಬಾ."

ಬಸ್ಸಿನಲ್ಲಿ ಸೀಟು ಸಿಕ್ಕಿತು. ಸೆಟ್ಟು ಕಾಲುಗಳ ನಡುವೆ ಇನ್ನೂ ಬೆಚ್ಚಗಿತ್ತು. ಅದೇ ಮಾತನ್ನು ಮೂರನೇ ಸಲ ಹೇಳಬೇಕಿತ್ತು, ಅದೂ ಕೇಳಲೇಬೇಕಾದವನ ಮುಂದೆ. ಕಣ್ಣು ಎಳೆಯುತ್ತಿದ್ದರೂ ಅವಳು ನಿದ್ದೆ ಮಾಡಲಿಲ್ಲ.